ಎಬ್ಬಿಸುವ ಔಷಧವೂ ಎಬ್ಬಿಸಿದ ಮೇಲಿನ ಎಚ್ಚರಿಕೆಯೂ

ಮಲಗಿದವನನ್ನು ಎಬ್ಬಿಸುವುದು ಬಹು ಸುಲಭವಾದ ಕೆಲಸವೆಂದು ಲೋಕದ ಎಣಿಕೆ. ಹೆಸರು ಹಿಡಿದು ಕೂಗಿದರೆ ಸಾಕು. ಕೂಗಿಗೆ ಏಳದಿದ್ದರೆ ಮೈ ಅಲುಗಿಸಿದರೆ ಸಾಕು. ಅದಕ್ಕೂ ಏಳದಿದ್ದರೆ ಮುಖದ ಮೇಲೆ ಬೊಗಸೆ ನೀರು ಸಾಕು. ಆದರೆ ಪೂರ್ವಿಕರು ಈ ಕೆಲಸವನ್ನು ಅಷ್ಟು ಹಗುರವಾಗಿ ಕಂಡವರಲ್ಲ. ಬೃಹದಾರಣ್ಯಕೋಪನಿಷತ್ತಿನಲ್ಲಿ ಜನಕನಿಗೂ ಯಾಜ್ಞವಲ್ಕ್ಯರಿಗೂ ಸ್ವಪ್ನ ಸುಷುಪ್ತಿಗಳ ವಿಷಯವಾಗಿ ನಡೆದ ಸಂವಾದದ ನಡುವೆ, ಗಾಢವಾಗಿ ನಿದ್ರಿಸುವವನನ್ನು ಥಟ್ಟನೆ ಎಬ್ಬಿಸಬಾರದೆಂಬ ಲೋಕವಾರ್ತೆಯೊಂದು ಉಲ್ಲೇಖವಾಗಿದೆ. ಹಾಗೆ ಎಬ್ಬಿಸಿದಾಗ ಪುರುಷನು ತಾನು ಬಿಟ್ಟುಹೋದ ಸ್ಥಾನಕ್ಕೆ ಸರಿಯಾಗಿ ಹಿಂದಿರುಗದೆ ಹೋದರೆ ಆ ದೇಹಕ್ಕೆ ಚಿಕಿತ್ಸೆಯೇ ಕಷ್ಟವಾಗುವುದೆಂಬುದು ಅದರ ತಾತ್ಪರ್ಯ.

ಇತಿಹಾಸ ಪುರಾಣಗಳಲ್ಲಿಯೂ ಅಕಾಲದ ಎಚ್ಚರವು ಶುಭವಾದುದಲ್ಲ. ಶಂಖಭೇರಿಗಳ ಮೊಳಗಿನಿಂದಲೂ ಆನೆಗಳ ತುಳಿತದಿಂದಲೂ ಎಬ್ಬಿಸಲ್ಪಟ್ಟ ಕುಂಭಕರ್ಣನು ಯುದ್ಧಭೂಮಿಗೆ ಹೋದವನು ಹಿಂದಿರುಗಲಿಲ್ಲ. ದೇವತೆಗಳ ಪರವಾಗಿ ಬಹುಕಾಲ ಕಾದಾಡಿ ದಣಿದು, ನಿದ್ರೆಯನ್ನೇ ವರವಾಗಿ ಬೇಡಿ ಗುಹೆಯಲ್ಲಿ ಮಲಗಿದ್ದ ಮುಚುಕುಂದನನ್ನು ಕಾಲಯವನನು ಒದ್ದು ಎಬ್ಬಿಸಿದನು. ಎದ್ದವನ ಮೊದಲ ನೋಟಕ್ಕೇ ಒದ್ದವನು ಬೂದಿಯಾದನು. ಒಂದು ಕಥೆಯಲ್ಲಿ ಎದ್ದವನಿಗೆ ಹಾನಿ, ಮತ್ತೊಂದರಲ್ಲಿ ಎಬ್ಬಿಸಿದವನಿಗೆ. ದೇವಾಲಯಗಳಲ್ಲಿ ದೇವರನ್ನು ಎಬ್ಬಿಸುವಾಗಲೂ ಬಾಗಿಲು ಬಡಿಯುವುದಿಲ್ಲ. ಸುಪ್ರಭಾತವನ್ನು ಮೆಲ್ಲಗೆ ಹಾಡುತ್ತಾರೆ.

ಇವು ವೈದ್ಯಶಾಸ್ತ್ರದ ಪ್ರಮಾಣಗಳಲ್ಲವೆಂಬುದು ನಿಜ. ಆದರೂ ಇಂದಿನ ವೈದ್ಯಶಾಸ್ತ್ರವು ಬೇರೊಂದು ದಾರಿಯಿಂದ ನಡೆದು ಇಂಥದೇ ಒಂದು ವಿವೇಕಕ್ಕೆ ಬಂದು ಸೇರಿದೆ. ಈಗ ಔಷಧದಿಂದ ನಿದ್ರೆ ಬರಿಸುತ್ತಾರೆ. ಔಷಧದಿಂದಲೇ ಆ ನಿದ್ರೆಯನ್ನು ಕಳೆಯುತ್ತಾರೆ. ಹಾಗೆ ಕಳೆಯುವ ಔಷಧದ ಹೆಸರು ಫ್ಲೂಮಜೆನಿಲ್. ಇದರ ಗುಣದೋಷಗಳನ್ನು ವೈದ್ಯರು ಬಲ್ಲರು. ಆದರೆ ಇದರಿಂದ ಆಗಬಹುದಾದ ಕೆಡುಕುಗಳಲ್ಲಿ ಕೆಲವು ರೋಗಿಯ ಮನೆಯವರ ಮೌನದಿಂದಲೂ ಅವಸರದಿಂದಲೂ ಹುಟ್ಟತಕ್ಕವು. ಆದಕಾರಣ ಗೃಹಸ್ಥರೂ ಇದರ ವಿಷಯವನ್ನು ಕೊಂಚ ತಿಳಿದಿರುವುದು ಯುಕ್ತವಾಗಿದೆ.

ಎಬ್ಬಿಸುವ ಔಷಧವನ್ನು ತಿಳಿಯಬೇಕಾದರೆ ಮಲಗಿಸುವ ಔಷಧವನ್ನು ಮೊದಲು ತಿಳಿಯಬೇಕು. ೧೯೫೭ನೆಯ ಇಸವಿಯಲ್ಲಿ ಅಮೆರಿಕಾ ದೇಶದ ನ್ಯೂಜೆರ್ಸಿ ಪ್ರಾಂತದ ನಟ್ಲಿ ಎಂಬ ಊರಿನಲ್ಲಿ, ರೋಷ್ ಎಂಬ ಔಷಧ ಕಂಪೆನಿಯ ಪ್ರಯೋಗಶಾಲೆಯನ್ನು ಚೊಕ್ಕಟ ಮಾಡುತ್ತಿದ್ದಾಗ, ಎರಡು ವರ್ಷಗಳಿಂದ ಯಾರೂ ಮುಟ್ಟದೆ ಮೂಲೆಗೆ ಬಿದ್ದಿದ್ದ ಒಂದು ಪುಡಿ ಕಣ್ಣಿಗೆ ಬಿದ್ದಿತು. ಅದನ್ನು ತಯಾರಿಸಿದ್ದವರು ಲಿಯೋ ಸ್ಟರ್ನ್‌ಬಾಕ್ ಎಂಬ ರಸಾಯನಶಾಸ್ತ್ರಜ್ಞರು. ಪೋಲೆಂಡಿನಲ್ಲಿ ಓದಿ, ಯುದ್ಧಕಾಲದಲ್ಲಿ ಯೂರೋಪನ್ನು ಬಿಟ್ಟು ಬಂದವರು. ಎಸೆಯಬೇಕಾಗಿದ್ದ ಆ ಪುಡಿಯನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿ ನೋಡಿದಾಗ ಅದು ಉದ್ವೇಗವನ್ನು ಶಮನ ಮಾಡುವುದರಲ್ಲಿ ಅಪೂರ್ವವಾದುದೆಂದು ತಿಳಿಯಿತು. ೧೯೬೦ರಲ್ಲಿ ಅದು ಲಿಬ್ರಿಯಮ್ ಎಂಬ ಹೆಸರಿನಿಂದ ಅಂಗಡಿಗೆ ಬಂದಿತು. ೧೯೬೩ರಲ್ಲಿ ಅದರ ತಮ್ಮನಾದ ಡಯಜೆಪಾಮ್ ವೇಲಿಯಮ್ ಎಂಬ ಹೆಸರಿನಿಂದ ಬಂದಿತು. ಬೆಂಜೊಡಯಜೆಪೀನ್ ಎಂಬ ಈ ಕುಲವು ಅಂದಿನಿಂದ ಬೆಳೆದೇ ಬೆಳೆಯಿತು. ಈಗ ಮನೆಮನೆಗಳಲ್ಲಿ ಕಾಣುವ ಆಲ್‌ಪ್ರಜೋಲಾಮ್, ಕ್ಲೊನಜೆಪಾಮ್, ನೈಟ್ರಜೆಪಾಮ್ ಮಾತ್ರೆಗಳೂ, ಆಸ್ಪತ್ರೆಗಳಲ್ಲಿ ರಕ್ತನಾಳಕ್ಕೆ ಕೊಡುವ ಮಿಡಜೋಲಾಮೂ ಈ ಕುಲದವೇ.

ಇವುಗಳ ಕೆಲಸ ನಡೆಯುವುದು ಮಿದುಳಿನ ನರಕೋಶಗಳ ಹೊಸ್ತಿಲಲ್ಲಿ. ಮಿದುಳಿನಲ್ಲಿ ಕೆರಳಿಸುವ ದ್ರವ್ಯಗಳಿರುವಂತೆ ತಣಿಸುವ ದ್ರವ್ಯಗಳೂ ಉಂಟು. ತಣಿಸುವವುಗಳಲ್ಲಿ ಮುಖ್ಯವಾದುದಕ್ಕೆ ಗಾಬಾ ಎಂದು ಹೆಸರು. ಅದು ಬಂದು ಮುಟ್ಟಿದಾಗ ನರಕೋಶದ ಒಂದು ಕಿರುಬಾಗಿಲು ತೆರೆಯುತ್ತದೆ, ಕ್ಲೋರೈಡಿನ ಕಣಗಳು ಒಳಗೆ ಹೋಗುತ್ತವೆ, ಕೋಶವು ಸುಮ್ಮನಾಗುತ್ತದೆ. ಆ ಬಾಗಿಲ ಮಗ್ಗುಲಲ್ಲಿಯೇ ಒಂದು ಪೀಠವಿದೆ. ಬೆಂಜೊಡಯಜೆಪೀನು ಆ ಪೀಠದಲ್ಲಿ ಕುಳಿತು, ಗಾಬಾ ಬಂದಾಗ ಬಾಗಿಲು ಮತ್ತೆ ಮತ್ತೆ ತೆರೆಯುವಂತೆ ಮಾಡುತ್ತದೆ. ಮನಸ್ಸಿನ ಗಡಿಬಿಡಿ ಅಡಗುವುದು, ಕಣ್ಣು ಎಳೆಯುವುದು, ಮಾಂಸಖಂಡಗಳು ಸಡಿಲವಾಗುವುದು, ಆಗ ನಡೆದುದು ನೆನಪಿನಲ್ಲಿ ಉಳಿಯದಿರುವುದು, ಎಲ್ಲವೂ ಇದರ ಫಲ. ಈ ಪೀಠವುಂಟೆಂಬುದನ್ನು ಡೆನ್ಮಾರ್ಕ್ ಮತ್ತು ಸ್ವಿಟ್ಜರ್ಲೆಂಡ್ ದೇಶಗಳ ವಿಜ್ಞಾನಿಗಳು ೧೯೭೭ರಲ್ಲಿ ಬೇರೆ ಬೇರೆಯಾಗಿ ಕಂಡುಹಿಡಿದರು.

ಪೀಠವು ತಿಳಿದಮೇಲೆ, ಆ ಪೀಠದಲ್ಲಿ ಕುಳಿತೂ ಏನನ್ನೂ ಮಾಡದಿರುವ ದ್ರವ್ಯವೊಂದಿರಬಹುದೆ ಎಂಬ ಪ್ರಶ್ನೆ ಎದ್ದಿತು. ೧೯೮೧ರಲ್ಲಿ ಅಂಥ ದ್ರವ್ಯವನ್ನು ರೋಷ್ ಕಂಪೆನಿಯ ವಿಜ್ಞಾನಿಗಳೇ ಲೋಕಕ್ಕೆ ತಿಳಿಸಿದರು. ಅದೇ ಫ್ಲೂಮಜೆನಿಲ್. ಸಂತರ್ಪಣೆಯ ಪಂಕ್ತಿಯಲ್ಲಿ ಒಬ್ಬನು ಬಂದು ಮಣೆಯನ್ನು ಹಿಡಿದು ಕುಳಿತನೆಂದು ಭಾವಿಸಬಹುದು. ಅವನು ಉಣ್ಣುವುದಿಲ್ಲ, ಉಣ್ಣುವವನಿಗೆ ಎಡೆ ಬಿಡುವುದೂ ಇಲ್ಲ. ಫ್ಲೂಮಜೆನಿಲ್ಲಿನ ಸ್ವಭಾವವು ಇಂಥದು. ತಾನು ಎಚ್ಚರವನ್ನು ಕೊಡುವ ಶಕ್ತಿ ಅದಕ್ಕೆ ಇಲ್ಲ. ನಿದ್ರೆ ಬರಿಸುವವನನ್ನು ಮಣೆಯಿಂದ ಏಳಿಸುವುದಷ್ಟೆ ಅದರ ಶಕ್ತಿ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ಹೇಳುವ ಕೆಡುಕುಗಳೆಲ್ಲವೂ ತಾವಾಗಿಯೇ ಅರ್ಥವಾಗುತ್ತವೆ.

ಇದನ್ನು ಕೊಡುವ ಸಂದರ್ಭಗಳು ಮುಖ್ಯವಾಗಿ ಎರಡು. ಹೊಟ್ಟೆಯೊಳಕ್ಕೆ ಕೊಳವೆ ಇಳಿಸಿ ನೋಡುವ ಎಂಡೊಸ್ಕೋಪಿಯಂಥ ಪರೀಕ್ಷೆಗಳಿಗಾಗಿ ಮಂಪರು ಬರಿಸಿದ್ದು, ಆ ಮಂಪರು ಬೇಕಾದುದಕ್ಕಿಂತ ಆಳವಾದಾಗ ಕೊಡುವುದು ಒಂದು. ನಿದ್ರೆಯ ಮಾತ್ರೆಗಳನ್ನು ಮಿತಿಮೀರಿ ನುಂಗಿದವರಿಗೆ ಕೊಡುವುದು ಮತ್ತೊಂದು. ಕೊಡುವ ಕ್ರಮವು ಗಮನಿಸತಕ್ಕದ್ದಾಗಿದೆ. ಮಂಪರನ್ನು ಕಳೆಯಲು ದೊಡ್ಡವರಿಗೆ ಮೊದಲು ೦.೨ ಮಿಲಿಗ್ರಾಂ ಮಾತ್ರವನ್ನು ೧೫ ಸೆಕೆಂಡುಗಳಲ್ಲಿ ರಕ್ತನಾಳಕ್ಕೆ ಕೊಟ್ಟು, ಮತ್ತೆ ೪೫ ಸೆಕೆಂಡುಗಳ ಕಾಲ ಕಾದು ನೋಡುತ್ತಾರೆ. ಸಾಲದಿದ್ದರೆ ಇನ್ನಷ್ಟೇ; ಹೀಗೆ ನಿಮಿಷಕ್ಕೊಂದರಂತೆ ಒಟ್ಟು ೧ ಮಿಲಿಗ್ರಾಂ ಆಗುವವರೆಗೆ. ಒಂದೆರಡು ನಿಮಿಷಗಳಲ್ಲಿ ಕಣ್ಣು ಬಿಡುವ ಲಕ್ಷಣ ಕಾಣುತ್ತದೆ. ಒಂದೇ ಸಲಕ್ಕೆ ಪೂರ್ತಿಯಾಗಿ ಕೊಟ್ಟು ಝಗ್ಗನೆ ಎಬ್ಬಿಸಲು ಬರುವುದಿಲ್ಲವೆ? ಬರುತ್ತದೆ; ಆದರೆ ಹಾಗೆ ಮಾಡುವುದಿಲ್ಲ. ಎಚ್ಚರವು ಮೆಟ್ಟಿಲು ಮೆಟ್ಟಿಲಾಗಿ ಬರಲೆಂಬುದೇ ಈ ಕ್ರಮದ ಉದ್ದೇಶ.

ಇನ್ನು ಅಡ್ಡಪರಿಣಾಮಗಳ ವಿಚಾರ. ಇವುಗಳಲ್ಲಿ ಕೆಲವು ಹಗುರವಾದವು. ತಲೆ ಸುತ್ತುವುದು, ಓಕರಿಕೆ, ವಾಂತಿ, ಬೆವರು, ತಲೆನೋವು, ಮುಖ ಕೆಂಪೇರುವುದು, ಕಣ್ಣು ಮಂಜಾಗುವುದು, ಸೂಜಿ ಚುಚ್ಚಿದ ಸ್ಥಳದಲ್ಲಿ ಉರಿ. ಈ ಉರಿ ತಪ್ಪಲೆಂದೇ ಅದನ್ನು ದೊಡ್ಡ ರಕ್ತನಾಳದಲ್ಲಿ, ದ್ರವವು ಸರಾಗವಾಗಿ ಹರಿಯುತ್ತಿರುವಾಗ ಕೊಡುವುದು. ಮನಸ್ಸಿನ ಮೇಲೆಯೂ ಕೆಲವು ಪರಿಣಾಮಗಳುಂಟು: ಕಳವಳ, ಎದೆ ಡವಗುಟ್ಟುವುದು, ಕಾರಣವಿಲ್ಲದೆ ಅಳು, ಸಿಡಿಮಿಡಿ. ಆಗತಾನೆ ಕಣ್ಣುಬಿಟ್ಟ ಮುತ್ತಯ್ಯನವರು ಮಕ್ಕಳನ್ನು ಗದರಿದರೆ, ಅಥವಾ ಎಂದೂ ಅಳದ ತಾಯಿ ಮಗುವಿನಂತೆ ಅತ್ತರೆ, ಮನೆಯವರು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಕಾಗಿಲ್ಲ. ಎದುರುತ್ತರ ಕೊಡಬೇಕಾಗಿಯೂ ಇಲ್ಲ. ಕೈ ಹಿಡಿದು ಪಕ್ಕದಲ್ಲಿ ಕುಳಿತರೆ ಸಾಕು. ಇದ್ದಕ್ಕಿದ್ದಂತೆ ದಿಗಿಲು ಹತ್ತುವ ರೋಗವು ಮೊದಲೇ ಇದ್ದವರಿಗೆ ಮಾತ್ರ ಈ ಔಷಧವು ಆ ದಿಗಿಲನ್ನು ಬಡಿದೆಬ್ಬಿಸುವುದುಂಟು. ಅದನ್ನು ವೈದ್ಯರಿಗೆ ಮುಂಚಿತವಾಗಿ ತಿಳಿಸಿರಬೇಕು.

ಭಾರವಾದವು ನಾಲ್ಕು. ಅವುಗಳನ್ನು ಒಂದೊಂದಾಗಿ ವಿಚಾರಮಾಡಬಹುದು.

ಮೊದಲನೆಯದು, ಹೋದ ನಿದ್ರೆ ಮರಳಿ ಬರುವುದು. ಔಷಧವು ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲಕ್ಕೆ ಅರ್ಧಾಯುಷ್ಯವೆನ್ನುತ್ತಾರೆ. ಫ್ಲೂಮಜೆನಿಲ್ಲಿನ ಅರ್ಧಾಯುಷ್ಯ ಸುಮಾರು ಒಂದು ಗಂಟೆ. ಮಿಡಜೋಲಾಮಿನದು ಸುಮಾರು ಎರಡು ಮೂರು ಗಂಟೆ. ಮುದುಕರಲ್ಲಿ ಇನ್ನೂ ಹೆಚ್ಚು. ಡಯಜೆಪಾಮಿನದು ಒಂದೆರಡು ದಿನ. ಅದು ದೇಹದಲ್ಲಿ ಮಾರ್ಪಟ್ಟು ಹುಟ್ಟುವ ದ್ರವ್ಯವು ಅದಕ್ಕಿಂತಲೂ ದೀರ್ಘಾಯು. ಹಾಗಾದರೆ ಏನಾಯಿತು? ಮಣೆಯನ್ನು ಹಿಡಿದು ಕುಳಿತವನು ಗಂಟೆಯೊಳಗೆ ಎದ್ದು ಹೋಗುತ್ತಾನೆ. ಅವನು ಏಳಿಸಿದವರು ಊರು ಬಿಟ್ಟಿಲ್ಲ, ಜಗಲಿಯ ಮೇಲೆಯೇ ಕಾದು ನಿಂತಿದ್ದಾರೆ. ಮಣೆ ತೆರವಾದ ಕೂಡಲೆ ಬಂದು ಕುಳಿತುಕೊಳ್ಳುತ್ತಾರೆ. ರೋಗಿಯು ಮತ್ತೆ ಮಂಪರಿಗೆ ಜಾರುತ್ತಾನೆ. ಆಸ್ಪತ್ರೆಯ ಮಂಚದ ಮೇಲೆ ದಾದಿಯರ ಕಣ್ಣೆದುರಿಗೆ ಜಾರಿದರೆ ಭಯವಿಲ್ಲ. ಮನೆಗೆ ಹೋಗುವ ದಾರಿಯಲ್ಲಿ, ಆಟೋರಿಕ್ಷಾದ ಹಿಂದಿನ ಆಸನದಲ್ಲಿ ಕತ್ತು ವಾಲಿಸಿಕೊಂಡು ಜಾರಿದರೆ? ಮನೆಯವರು ದಣಿವಾಗಿ ಮಲಗಿದ್ದಾರೆಂದು ಕದ ಮುಂದುಮಾಡಿ ಹೋದ ಕೋಣೆಯಲ್ಲಿ ಜಾರಿದರೆ? ಆದಕಾರಣವೇ ಈ ಔಷಧವನ್ನು ಕೊಟ್ಟಮೇಲೆ ವೈದ್ಯರು ಸುಮಾರು ಎರಡು ಗಂಟೆಗಳ ಕಾಲವಾದರೂ, ಮಲಗಿಸಿದ ಔಷಧವು ದೀರ್ಘಾಯುವಾದರೆ ಅದಕ್ಕಿಂತ ಹೆಚ್ಚಾಗಿಯೂ, ರೋಗಿಯನ್ನು ಕಣ್ಣಳವಿನಲ್ಲಿಟ್ಟುಕೊಳ್ಳುವುದು. ಎದ್ದು ಕುಳಿತು ಮಾತನಾಡುತ್ತಿರುವವನನ್ನು ಏಕೆ ಕೂಡಿಹಾಕಿದ್ದಾರೆಂದು ಬಂಧುಗಳು ಗೊಣಗುವುದುಂಟು. ಆ ಎರಡು ಗಂಟೆಗಳೇ ಚಿಕಿತ್ಸೆಯ ಮುಖ್ಯ ಭಾಗವೆಂದು ತಿಳಿದವನು ಗೊಣಗಲಾರನು.

ಎರಡನೆಯದು ಉಸಿರಿನ ವಿಷಯ. ಮಂಪರಿನಲ್ಲಿ ಪ್ರಾಣಕ್ಕೆ ಅಪಾಯವು ಬರುವುದು ಕಣ್ಣು ಮುಚ್ಚಿದುದರಿಂದಲ್ಲ, ಉಸಿರು ಕುಗ್ಗುವುದರಿಂದ. ಫ್ಲೂಮಜೆನಿಲ್ ಕಣ್ಣನ್ನು ತೆರೆಸುವಷ್ಟು ನಿಶ್ಚಯವಾಗಿ ಉಸಿರನ್ನು ಹಿಗ್ಗಿಸುತ್ತದೆಂದು ಹೇಳಲು ಬರುವುದಿಲ್ಲ. ಅಲ್ಲದೆ ಪರೀಕ್ಷೆಗಳಲ್ಲಿ ನೋವು ಕಾಣದಿರಲೆಂದು ಅಫೀಮಿನ ವರ್ಗದ ಫೆಂಟನಿಲ್ ಮುಂತಾದ ಔಷಧಗಳನ್ನು ಜೊತೆಗೇ ಕೊಡುವುದು ವಾಡಿಕೆ. ಅವು ಕುಳಿತುಕೊಳ್ಳುವ ಪೀಠವೇ ಬೇರೆ. ಅವುಗಳ ಮೇಲೆ ಫ್ಲೂಮಜೆನಿಲ್ಲಿನ ಮಾತು ನಡೆಯದು. ಅವುಗಳಿಗೆ ಪ್ರತಿಯಾದುದು ನಲೋಕ್ಸೋನ್ ಎಂಬ ಬೇರೊಂದು ಔಷಧ. ಮದ್ಯದ ಅಮಲಿಗೂ ಫ್ಲೂಮಜೆನಿಲ್ ಪ್ರತ್ಯೌಷಧವಲ್ಲ. ಹೀಗಾಗಿ ಕಣ್ಣು ಅರ್ಧ ತೆರೆದಿದ್ದರೂ ಉಸಿರು ಸಾಲದೆ ಇರುವ ಸ್ಥಿತಿಯೊಂದು ಸಂಭವಿಸಬಹುದು. ಅನುಭವಿಗಳಾದ ವೈದ್ಯರು ಈ ಔಷಧವನ್ನು ಹುಡುಕುವುದಕ್ಕೆ ಮುಂಚೆ ಗದ್ದವನ್ನು ಎತ್ತಿ ಉಸಿರುದಾರಿಯನ್ನು ಬಿಡಿಸುವುದೂ, ಆಮ್ಲಜನಕವನ್ನು ಕೊಡುವುದೂ, ಬೇಕಾದರೆ ಚೀಲವನ್ನು ಒತ್ತಿ ಉಸಿರಾಡಿಸುವುದೂ ಇದಕ್ಕಾಗಿಯೇ.

ಮೂರನೆಯದು ನೆನಪಿನ ವಿಷಯ. ಇದು ಪ್ರಾಣಕ್ಕೆ ಹೊಡೆತವಲ್ಲದಿದ್ದರೂ ಸಂಸಾರದ ವ್ಯವಹಾರಕ್ಕೆ ಹತ್ತಿರವಾದುದು. ಬೆಂಜೊಡಯಜೆಪೀನುಗಳು ಸ್ಮೃತಿಯ ಮೇಲೆ ಎಳೆಯುವ ತೆರೆಯು ಫ್ಲೂಮಜೆನಿಲ್ಲಿನಿಂದ ಪೂರ್ತಿಯಾಗಿ ಸರಿಯುತ್ತದೆಂಬ ಭರವಸೆಯಿಲ್ಲ. ಎದ್ದವನು ನಗುತ್ತಾನೆ, ಕೇಳಿದ್ದಕ್ಕೆ ಉತ್ತರ ಹೇಳುತ್ತಾನೆ, ಕಾಫಿ ಬೇಕೆನ್ನುತ್ತಾನೆ. ವೈದ್ಯರು ಹೇಳಿದ ಪಥ್ಯಕ್ಕೆಲ್ಲ ತಲೆದೂಗುತ್ತಾನೆ. ಸಂಜೆಗೆ ಅದರಲ್ಲಿ ಒಂದು ಮಾತೂ ಅವನಿಗೆ ನೆನಪಿರುವುದಿಲ್ಲ. ಆದ್ದರಿಂದ ಮುಂದಿನ ಔಷಧ ಪಥ್ಯಗಳನ್ನು ರೋಗಿಗೆ ಹೇಳಿದರೆ ಸಾಲದು. ಕಾಗದದ ಮೇಲೆ ಬರೆಸಿಕೊಂಡು, ಜೊತೆಗೆ ಬಂದವರು ಓದಿ ತಿಳಿದುಕೊಳ್ಳಬೇಕು. ಎದ್ದ ದಿನ ವಾಹನ ನಡೆಸಬಾರದು. ಒಲೆಯ ಮುಂದೆಯೂ ಬಾವಿಯ ಬಳಿಯೂ ಒಬ್ಬರೇ ಹೋಗಬಾರದು. ಮದ್ಯವು ಸರ್ವಥಾ ಕೂಡದು. ಒಂದು ಹಗಲೂ ಒಂದು ರಾತ್ರಿಯೂ ಕಳೆಯುವವರೆಗೆ ಈ ಎಚ್ಚರಿಕೆ ಇರಬೇಕು. ಮುಖ್ಯವಾದ ಕಾಗದಪತ್ರಗಳಿಗೆ ಆ ದಿನ ರುಜು ಹಾಕಿಸುವುದು ನ್ಯಾಯವಲ್ಲ. ಎಚ್ಚರವಿದ್ದಂತೆ ಕಾಣುವುದು ಬೇರೆ, ಎಚ್ಚರವಿರುವುದು ಬೇರೆ.

ನಾಲ್ಕನೆಯದು ಎಲ್ಲಕ್ಕಿಂತ ಘೋರವಾದುದು, ಸೆಳೆತ. ಇದನ್ನೇ ಜನರು ಫಿಟ್ಸ್ ಎನ್ನುವುದು. ಇದು ಎಲ್ಲರಿಗೂ ಬರುವುದಿಲ್ಲ. ನಿದ್ರೆಯ ಮಾತ್ರೆಗೆ ಬಹುಕಾಲದಿಂದ ಒಗ್ಗಿಹೋದವರಿಗೂ, ಮೂರ್ಛೆರೋಗವನ್ನು ಇಂಥ ಮಾತ್ರೆಗಳಿಂದಲೇ ತಡೆದುಕೊಂಡಿರುವವರಿಗೂ, ತಲೆಗೆ ಬಲವಾದ ಪೆಟ್ಟು ಬಿದ್ದವರಿಗೂ, ಬೇರೆ ವಿಷದ್ರವ್ಯಗಳನ್ನು ಕೂಡಿಸಿ ನುಂಗಿದವರಿಗೂ ಇದರ ಭಯ. ಕಾರಣವೇನೆಂದರೆ, ವರ್ಷಗಟ್ಟಲೆ ಹೊರಗಿನಿಂದ ಶಾಂತಿ ಬರುತ್ತಿದ್ದರೆ ಮಿದುಳು ತನ್ನ ಸಮತೂಕವನ್ನು ಕಾಪಾಡಿಕೊಳ್ಳಲು ಒಳಗಿನಿಂದ ಅದಕ್ಕೆ ಎದುರಾಗಿ ಜಗ್ಗಲು ತೊಡಗುತ್ತದೆ. ಹಗ್ಗಜಗ್ಗಾಟದಲ್ಲಿ ಎರಡು ಪಕ್ಷದವರೂ ಬಲವಾಗಿ ಎಳೆಯುತ್ತಿರುವಾಗ ಹಗ್ಗವು ಅಲುಗದೆ ನಿಂತಿರುತ್ತದೆ. ಒಂದು ಪಕ್ಷದವರು ಇದ್ದಕ್ಕಿದ್ದಂತೆ ಕೈಬಿಟ್ಟರೆ ಇನ್ನೊಂದು ಪಕ್ಷದವರು ಒಬ್ಬರ ಮೇಲೊಬ್ಬರು ಉರುಳುತ್ತಾರೆ. ಫ್ಲೂಮಜೆನಿಲ್ ಬಂದು ಮಾತ್ರೆಯನ್ನು ಕ್ಷಣಮಾತ್ರದಲ್ಲಿ ಏಳಿಸಿಬಿಟ್ಟಾಗ ಒಗ್ಗಿದ ಮಿದುಳಿನಲ್ಲಿ ಆಗುವುದು ಈ ಉರುಳಾಟವೇ. ಕೂಡಿಸಿ ನುಂಗಿದವರ ಕಷ್ಟವು ಇನ್ನೊಂದು ಬಗೆಯದು. ಅಮಿಟ್ರಿಪ್ಟಿಲಿನ್ ಮುಂತಾದ ಔಷಧಗಳನ್ನು ಮನಸ್ಸಿನ ಕುಗ್ಗುವಿಕೆಗೂ ನರದ ನೋವಿಗೂ ಕೊಡುವುದುಂಟು. ಅವು ಅತಿಯಾದರೆ ಸೆಳೆತವನ್ನು ತರುತ್ತವೆ, ಹೃದಯದ ಬಡಿತವನ್ನು ಕೆಡಿಸುತ್ತವೆ. ಜೊತೆಯಲ್ಲಿ ನುಂಗಿದ ನಿದ್ರೆಯ ಮಾತ್ರೆಯು ಆ ಸೆಳೆತವನ್ನು ಅದುಮಿ ಹಿಡಿದಿರುತ್ತದೆ. ಆ ಸ್ಥಿತಿಯಲ್ಲಿ ನಿದ್ರೆಯನ್ನು ಕಳೆದರೆ, ಕಳ್ಳನನ್ನು ಕಟ್ಟಿಹಾಕಿದ್ದ ಹಗ್ಗವನ್ನು ಬಿಚ್ಚಿದಂತಾಗುತ್ತದೆ. ಪ್ರಾಣಹಾನಿಯಾದ ಸಂದರ್ಭಗಳೂ ಉಂಟು.

ಅಮೆರಿಕಾದಲ್ಲಿ ಈ ಔಷಧಕ್ಕೆ ೧೯೯೧ರಲ್ಲಿ ಸರಕಾರದ ಅನುಮತಿ ದೊರೆಯಿತು. ಸೆಳೆತದ ಈ ಭಯವನ್ನು ಅಲ್ಲಿ ಔಷಧದ ವಿವರಣಪತ್ರದಲ್ಲಿ ಚೌಕಟ್ಟು ಹಾಕಿ ಮುದ್ರಿಸಿರುತ್ತಾರೆ. ಪ್ರಜ್ಞೆಯಿಲ್ಲದೆ ಬಂದವನು ಏನು ನುಂಗಿದ್ದಾನೆಂಬುದು ತಿಳಿಯದಿರುವಾಗ ಪರೀಕ್ಷಾರ್ಥವಾಗಿ ಇದನ್ನು ಕೊಟ್ಟು ನೋಡುವ ಪದ್ಧತಿಯನ್ನು ವಿವೇಕಿಗಳಾದ ವೈದ್ಯರು ಒಪ್ಪುವುದಿಲ್ಲ. ಬೆಂಜೊಡಯಜೆಪೀನೊಂದನ್ನೇ ನುಂಗಿದವನು ಉಸಿರನ್ನು ಕಾಪಾಡಿದರೆ ಬಹುಮಟ್ಟಿಗೆ ತಾನಾಗಿಯೇ ಎಚ್ಚರಗೊಳ್ಳುತ್ತಾನೆ. ಒಗ್ಗಿದವನನ್ನು ಬಲಾತ್ಕಾರವಾಗಿ ಎಬ್ಬಿಸಿದರೆ ಬರುವ ಸೆಳೆತವನ್ನು ನಿಲ್ಲಿಸುವುದೇ ಕಷ್ಟ. ಏಕೆಂದರೆ ಸೆಳೆತಕ್ಕೆ ಮೊದಲು ಕೊಡುವ ಔಷಧವೂ ಬೆಂಜೊಡಯಜೆಪೀನೇ. ಅದು ಕುಳಿತುಕೊಳ್ಳಬೇಕಾದ ಮಣೆಯನ್ನು ಫ್ಲೂಮಜೆನಿಲ್ ಆಗಲೇ ಹಿಡಿದು ಕುಳಿತಿದೆ.

ಈಗ ಗೃಹಸ್ಥರ ಕರ್ತವ್ಯಕ್ಕೆ ಬರಬಹುದು. ಒಂದು ಮನೆಯ ಸಂಗತಿಯನ್ನು ಊಹಿಸಿಕೊಳ್ಳೋಣವಾಗಲಿ. ಯಜಮಾನರು ತೀರಿಕೊಂಡ ಮೇಲೆ ಮನೆಯ ಹಿರಿಯಾಕೆಗೆ ನಿದ್ರೆ ಬಾರದಾಯಿತು. ವೈದ್ಯರೊಬ್ಬರು ಹದಿನೈದು ದಿನಕ್ಕೆಂದು ಒಂದು ಮಾತ್ರೆಯನ್ನು ಬರೆದುಕೊಟ್ಟರು. ಹದಿನೈದು ದಿನ ಹೋಗಿ ಹನ್ನೆರಡು ವರ್ಷಗಳಾದುವು. ಚೀಟಿ ಹಳೆಯದಾಗಿ ಮಡಿಕೆಯಲ್ಲಿ ಹರಿದಿದೆ. ಮಾತ್ರೆ ಮಾತ್ರ ತಪ್ಪಿಲ್ಲ. ರಾತ್ರಿ ದೇವರಿಗೆ ಕೈಮುಗಿದು, ಅರ್ಧ ಲೋಟ ಹಾಲು ಕುಡಿದು, ದಿಂಬಿನ ಕೆಳಗಿನ ಡಬ್ಬಿಯಿಂದ ಒಂದು ಗುಳಿಗೆಯನ್ನು ಬಾಯಿಗೆ ಹಾಕಿಕೊಳ್ಳುವುದು ಆಕೆಯ ನಿತ್ಯಕರ್ಮಗಳಲ್ಲಿ ಸೇರಿಹೋಗಿದೆ. ಒಂದು ದಿನ ಹೊಟ್ಟೆನೋವೆಂದು ಎಂಡೊಸ್ಕೋಪಿಗೆ ಕರೆದುಕೊಂಡು ಹೋಗುತ್ತಾರೆ. ದಿನವೂ ಏನೇನು ಔಷಧ ತೆಗೆದುಕೊಳ್ಳುತ್ತಾರೆಂದು ವೈದ್ಯರು ಕೇಳುತ್ತಾರೆ.

“ಸಕ್ಕರೆ ಕಾಯಿಲೆಗೆ ಒಂದು, ರಕ್ತದೊತ್ತಡಕ್ಕೆ ಒಂದು. ಅಷ್ಟೇ, ಡಾಕ್ಟರೇ” ಎನ್ನುತ್ತಾನೆ ಮಗ.

ಮಗನು ಸುಳ್ಳು ಹೇಳಲಿಲ್ಲ. ದಿಂಬಿನ ಕೆಳಗಿನ ಡಬ್ಬಿಯ ವಿಷಯ ಅವನಿಗೆ ಹೊಳೆಯಲೇ ಇಲ್ಲ. ಸೊಸೆಗೆ ಗೊತ್ತಿತ್ತು, ಅತ್ತೆಯವರ ವಿಷಯವನ್ನು ಹೊರಗಿನವರ ಮುಂದೆ ತಾನು ಹೇಳುವುದು ಹೇಗೆಂದು ಸುಮ್ಮನಾದಳು. ಆಕೆಯನ್ನೇ ಕೇಳಿದ್ದರೆ, “ಅದೇನು ಔಷಧವೇ ಮಗು? ಕಣ್ಣು ಹತ್ತಲಿ ಅಂತ ರಾತ್ರಿ ಹಾಕಿಕೊಳ್ಳೋ ಗುಳಿಗೆ” ಎನ್ನುತ್ತಿದ್ದಳು. ರೋಗಕ್ಕೆ ತೆಗೆದುಕೊಳ್ಳುವುದು ಔಷಧ. ನಿದ್ರೆಗೆ ತೆಗೆದುಕೊಳ್ಳುವುದು ಅಭ್ಯಾಸ. ಹೀಗೆಂದು ಬಹು ಮನೆಗಳ ಭಾವನೆ. ಕೆಲವರಿಗೆ ನಾಚಿಕೆ, ನಿದ್ರೆಯ ಮಾತ್ರೆ ನುಂಗುತ್ತಾರೆಂದರೆ ಮನೆಯಲ್ಲಿ ಏನೋ ದುಃಖವಿದೆಯೆಂದು ಜನ ಎಣಿಸುತ್ತಾರೆಂಬ ಅಂಜಿಕೆ. ಪರೀಕ್ಷೆಯಲ್ಲಿ ಮಂಪರು ಹೆಚ್ಚಾಗಿ ಆಕೆಯನ್ನು ಎಬ್ಬಿಸಬೇಕಾಗಿ ಬಂದರೆ, ವೈದ್ಯರು ಒಗ್ಗದ ಮಿದುಳೆಂದು ನಂಬಿ ಔಷಧ ಕೊಡುತ್ತಾರೆ. ಆಗ ಆಗಬಾರದುದು ಆದರೆ ಅದಕ್ಕೆ ಔಷಧವನ್ನು ದೂರುವುದೆ, ವೈದ್ಯರನ್ನು ದೂರುವುದೆ, ಹೊಳೆಯದೆ ಹೋದ ಮಗನನ್ನೆ, ಸುಮ್ಮನಿದ್ದ ಸೊಸೆಯನ್ನೆ? ಯಾರನ್ನು ದೂರಿದರೂ ಆಕೆಗೆ ಉಪಕಾರವಿಲ್ಲ. ಒಂದು ಮಾತು ಮುಂಚಿತವಾಗಿ ಹೊರಟಿದ್ದರೆ ಉಪಕಾರವಾಗುತ್ತಿತ್ತು.

ಈ ಮಾತ್ರೆಗಳನ್ನು ಅಂಗಡಿಯವರು ಮನಸ್ಸು ಬಂದಂತೆ ಮಾರುವಂತಿಲ್ಲ. ಭಾರತ ಸರಕಾರವು ಆಲ್‌ಪ್ರಜೋಲಾಮ್, ಡಯಜೆಪಾಮ್, ನೈಟ್ರಜೆಪಾಮ್ ಮುಂತಾದುವನ್ನು ಎಚ್೧ ಎಂಬ ಅನುಸೂಚಿಯಲ್ಲಿ ಸೇರಿಸಿ, ೨೦೧೪ನೆಯ ಮಾರ್ಚಿಯಿಂದ ಅವುಗಳ ಮಾರಾಟವನ್ನು ಬೇರೊಂದು ಪುಸ್ತಕದಲ್ಲಿ ದಾಖಲುಮಾಡಿ ಮೂರು ವರ್ಷ ಇಟ್ಟಿರಬೇಕೆಂದು ವಿಧಿಸಿದೆ. ಅಂಗಡಿಯ ಪುಸ್ತಕದಲ್ಲಿ ಬರೆದಿಡಬೇಕಾದ ಈ ವಿಷಯವನ್ನು ಮನೆಯವರೂ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು ಉಚಿತ. ಹಾಲಿನ ಲೆಕ್ಕ, ಅಗಸನ ಲೆಕ್ಕಗಳನ್ನು ತಪ್ಪದೆ ಬರೆಯುತ್ತಿದ್ದ ಸಂಸಾರಗಳಿಗೆ ಇದೇನೂ ಹೊಸ ವಿದ್ಯೆಯಲ್ಲ. ಮಾತ್ರೆಯ ಹೆಸರು, ತೂಕ, ಎಷ್ಟು ವರ್ಷಗಳಿಂದ, ದಿನಕ್ಕೆ ಎಷ್ಟು, ಇವು ನಾಲ್ಕು ಕಲಮುಗಳಾದರೆ ಸಾಕು. ಆಸ್ಪತ್ರೆಗೆ ಹೋಗುವಾಗ ಆ ಪುಸ್ತಕವನ್ನೂ, ಸಾಧ್ಯವಾದರೆ ಡಬ್ಬಿಯನ್ನೂ ಜೊತೆಯಲ್ಲಿ ಒಯ್ಯಬೇಕು.

ಇಲ್ಲಿ ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಇದನ್ನೋದಿ ಭಯಪಟ್ಟು, ಹಿರಿಯರ ನಿದ್ರೆಯ ಮಾತ್ರೆಯನ್ನು ನಾಳೆಯಿಂದಲೇ ಕಿತ್ತುಹಾಕುವುದು ಘೋರವಾದ ತಪ್ಪಾಗುತ್ತದೆ. ಬಹುಕಾಲ ಒಗ್ಗಿದ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೂ ಅದೇ ಉರುಳಾಟ, ಅದೇ ಕಳವಳ, ಒಮ್ಮೊಮ್ಮೆ ಅದೇ ಸೆಳೆತ. ಬಿಡಿಸಬೇಕಾದರೆ ವೈದ್ಯರ ಮೇಲ್ವಿಚಾರಣೆಯಲ್ಲಿ, ವಾರಗಳು ತಿಂಗಳುಗಳ ಮೇಲೆ, ಸ್ವಲ್ಪ ಸ್ವಲ್ಪವಾಗಿ ತಗ್ಗಿಸಿ ಬಿಡಿಸಬೇಕು. ಮಗುವಿಗೆ ಮೊಲೆ ಬಿಡಿಸುವ ತಾಯಿಗೆ ಇರುವ ತಾಳ್ಮೆ ಇದಕ್ಕೆ ಬೇಕು.

ಇಷ್ಟೆಲ್ಲ ಹೇಳಿದುದರಿಂದ ಫ್ಲೂಮಜೆನಿಲ್ ದುಷ್ಟವಾದ ಔಷಧವೆಂದು ವಾಚಕರು ತಿಳಿಯಬಾರದು. ತಕ್ಕ ರೋಗಿಗೆ, ತಕ್ಕ ಮಾತ್ರದಲ್ಲಿ, ಉಸಿರು ಹೃದಯಗಳನ್ನು ನೋಡಿಕೊಳ್ಳುವ ಸಾಮಗ್ರಿಯಿರುವ ಕಡೆ ಕೊಟ್ಟಾಗ ಅದು ಮಾಡುವ ಉಪಕಾರ ದೊಡ್ಡದು. ಮಂಪರು ಮಿತಿಮೀರಿ ಉಸಿರು ಕುಗ್ಗುತ್ತಿರುವ ಮುದುಕನೊಬ್ಬನು ಎರಡು ನಿಮಿಷಗಳೊಳಗಾಗಿ ಕಣ್ಣುಬಿಟ್ಟು ಮೊಮ್ಮಗನ ಹೆಸರು ಹಿಡಿದು ಕರೆದರೆ, ಅದನ್ನು ಕಂಡವರಿಗೆ ಅದು ಸಂಜೀವಿನಿಯೆಂದೇ ತೋರುತ್ತದೆ. ಹಾಗೆ ತೋರುವುದರಲ್ಲಿಯೇ ಅಪಾಯವಡಗಿದೆ. ಕಣ್ಣು ಬಿಟ್ಟೊಡನೆ ಎಲ್ಲ ಮುಗಿಯಿತೆಂದು ಎಬ್ಬಿಸಿದವರೂ ಬಂಧುಗಳೂ ಕೈತೊಳೆದುಕೊಳ್ಳಲು ಮನಸ್ಸು ಮಾಡುತ್ತಾರೆ. ಮಲಗಿಸಿದ ಔಷಧವಾದರೋ ದೇಹದಲ್ಲಿ ಎಂದಿನಂತೆಯೇ ಇದೆ. ಅದನ್ನು ನಿಜವಾಗಿ ಹೊರಗೆ ಹಾಕತಕ್ಕವು ಯಕೃತ್ತು ಮತ್ತು ಮೂತ್ರಪಿಂಡಗಳು. ಅವು ಯಾರ ಅವಸರಕ್ಕೂ ಓಗೊಡದೆ ತಮ್ಮ ಗತಿಯಲ್ಲಿಯೇ ಕೆಲಸ ಮಾಡುತ್ತವೆ. ಯಕೃತ್ತು ಕೆಟ್ಟವರಲ್ಲಿ ಆ ಗತಿ ಇನ್ನೂ ಮಂದ.

ಈ ಔಷಧವು ಮನುಷ್ಯನಿಗೆ ದೊರಕಿಸಿಕೊಡುವುದು ಒಂದು ಗಂಟೆಯ ಎಚ್ಚರ. ಮಿಕ್ಕ ಹೊತ್ತಿನ ಎಚ್ಚರವನ್ನು ಪಕ್ಕದಲ್ಲಿ ಕುಳಿತವರು ಒದಗಿಸಬೇಕು. ಆಸ್ಪತ್ರೆಯಲ್ಲಿ ಅದು ದಾದಿಯ ಕೆಲಸ. ಮನೆಗೆ ಬಂದಮೇಲೆ ಮಗನದೋ ಸೊಸೆಯದೋ ಮೊಮ್ಮಗಳದೋ ಆಗಬಹುದು. ಅವರು ಮಾಡಬೇಕಾದುದು ಬಹಳವೇನೂ ಇಲ್ಲ. ಕೋಣೆಯ ದೀಪವನ್ನು ಆರಿಸದೆ, ಮಲಗಿದವರನ್ನು ಪಕ್ಕಕ್ಕೆ ತಿರುಗಿಸಿ ಮಲಗಿಸಿ, ಎದೆಯ ಏರಿಳಿತವನ್ನು ಆಗಾಗ ನೋಡುತ್ತ, ನಡುನಡುವೆ ಹೆಸರು ಹಿಡಿದು ಮೆಲ್ಲಗೆ ಕರೆದು ಉತ್ತರ ಬರುವುದೇ ಎಂದು ತಿಳಿಯುತ್ತ, ಉತ್ತರ ಬಾರದಿದ್ದರೆ, ಉಸಿರು ನಿಧಾನವಾದರೆ, ತುಟಿ ನೀಲಿಗಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಆ ಒಂದು ರಾತ್ರಿ ಮನೆಯಲ್ಲಿ ಒಬ್ಬರು ನಿದ್ರೆಗೆಟ್ಟರೆ ನಷ್ಟವೇನೂ ಇಲ್ಲ.